ಒಂದೇ ಮಣ್ಣಿನ ಮೇಲೆ ಇಬ್ಬರು

"ಅಣ್ಣ, ನಾನು ಸೋಲಲಿಲ್ಲ. ನನ್ನ ಲೈನ್ ಸೋತಿತು."

ಕಳೆದ ಡಿಸೆಂಬರ್‌ನಲ್ಲಿ ನಾವು ನಡೆಸಿದ, ಹೊಡೆದಾಟದ ವಿಡಿಯೋ ಗೇಮ್‌ನ ಮೊದಲ ಆನ್‌ಲೈನ್ ಪಂದ್ಯಾವಳಿ ಮುಗಿದ ರಾತ್ರಿ ದಾವಣಗೆರೆಯ ನಿಟುವಳ್ಳಿಯ ಪದವಿ ವಿದ್ಯಾರ್ಥಿಯೊಬ್ಬ ಕಳುಹಿಸಿದ ಸಂದೇಶ ಇಷ್ಟೇ. ಲೈನ್ ಎಂದರೆ ಅವನ ಇಂಟರ್‌ನೆಟ್ ಸಂಪರ್ಕ. ಸೋತವರು ಹೀಗೆ ಹೇಳುವುದುಂಟು ಎಂದುಕೊಂಡು ಫೋನ್ ಕೆಳಗಿಟ್ಟೆ. ನಿದ್ದೆ ಬರಲಿಲ್ಲ. ಎದ್ದು ಅವನ ಪಂದ್ಯದ ರೆಕಾರ್ಡಿಂಗ್ ಹಾಕಿದೆ. ಕೊನೆಯ ಸುತ್ತಿನಲ್ಲಿ ಎದುರಾಳಿಯ ಪಾತ್ರ ಮೂರು ಸಲ ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಕಾಣಿಸಿಕೊಂಡಿತ್ತು. ಮೂರನೆಯ ಸಲ ಹುಡುಗ ಹೊಡೆತ ತಡೆದು ನಿಂತಿದ್ದ. ಚಿತ್ರ ಸರಿಹೋಗುವಷ್ಟರಲ್ಲಿ ನೆಲಕ್ಕೆ ಬಿದ್ದಿದ್ದ. ನಾಲ್ಕು ಸಲ ನೋಡಿದೆ. ಹುಡುಗ ಹೇಳಿದ್ದು ನಿಜ. ಗೆದ್ದವನದೂ ತಪ್ಪಿರಲಿಲ್ಲ, ಅವನು ತನಗೆ ಕಂಡಂತೆ ಆಡಿದ್ದ. ವೈಫೈ ಇದ್ದರೂ ನಡೆಯುತ್ತದೆ ಎಂದು ಬರೆದವನು ನಾನು. ಒಂದೇ ಸೋಲಿಗೆ ಹೊರಗೆ ಕಳುಹಿಸುವ ಪಟ್ಟಿ ಮಾಡಿದವನೂ ನಾನು. ಆ ಸೋಲಿಗೆ ಹೊಣೆ ಯಾರು ಎಂದು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ.

ಎರಡನೆಯ ಪಂದ್ಯಾವಳಿಯ ಕೆಲಸ ಶುರುವಾದದ್ದು ಆ ರಾತ್ರಿ. ಅದು ನಡೆದದ್ದು ಮಾರ್ಚ್‌ನ ಒಂದು ಭಾನುವಾರ. ನಡುವಿನ ಮೂರು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಇಂಥ ಪಂದ್ಯ ನಡೆಸಲು ಹೊರಟವರೆಲ್ಲ ನನ್ನಂತೆಯೇ ಎಡವುತ್ತಾರೆ ಎಂಬುದು ಈಗ ನನಗೆ ಗೊತ್ತು.

ನನ್ನದು ದಾವಣಗೆರೆಯ ವಿದ್ಯಾನಗರದ ಕಡೆ ಕಂಪ್ಯೂಟರ್ ರಿಪೇರಿ ಅಂಗಡಿ. ನಾವು ಆಡುವುದು ಸ್ಟ್ರೀಟ್ ಫೈಟರ್ 6. 2023ರ ಜೂನ್‌ನಲ್ಲಿ ಬಂದ ಆಟ. ಇದನ್ನು ಆಯ್ದುಕೊಳ್ಳಲು ಮುಖ್ಯ ಕಾರಣ, ಪ್ಲೇಸ್ಟೇಷನ್ ಇದ್ದವರೂ ಎಕ್ಸ್‌ಬಾಕ್ಸ್ ಇದ್ದವರೂ ಕಂಪ್ಯೂಟರ್ ಇದ್ದವರೂ ಪರಸ್ಪರ ಆಡಬಹುದು. ಹಳೆಯ ಪ್ಲೇಸ್ಟೇಷನ್ 4 ಇಟ್ಟುಕೊಂಡವನೂ ಹೊರಗುಳಿಯುವುದಿಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗ, ರಾಣೆಬೆನ್ನೂರು ಸೇರಿಸಿದರೆ ನಮ್ಮ ಗುಂಪಿನಲ್ಲಿ ಮೂವತ್ತು ಮಂದಿ. ಯಂತ್ರದ ಆಧಾರದ ಮೇಲೆ ಒಡೆದರೆ ಪಂದ್ಯಾವಳಿಯೇ ಆಗುವುದಿಲ್ಲ.

ಹೊಡೆದಾಟದ ಆಟಕ್ಕೆ ಬೇರೆ ಆಟಗಳಿಗಿಲ್ಲದ ಒಂದು ಕಟ್ಟುಪಾಡಿದೆ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಬರುತ್ತವೆ. ಒಂದು ಚಿತ್ರಕ್ಕೆ ಫ್ರೇಮ್ ಎನ್ನುತ್ತೇವೆ. ಅದರ ಆಯಸ್ಸು ಸುಮಾರು 17 ಮಿಲಿಸೆಕೆಂಡು. ಚುರುಕಾದ ಸಣ್ಣ ಗುದ್ದು ನಾಲ್ಕು ಫ್ರೇಮ್‌ಗಳಲ್ಲಿ ತಗಲುತ್ತದೆ, ಅದನ್ನು ಕಂಡು ತಡೆಯಲು ಯಾರಿಂದಲೂ ಆಗದು. ಆದರೆ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರೀ ಹೊಡೆತಕ್ಕೆ 26 ಫ್ರೇಮ್ ಬೇಕು, ಅರ್ಧ ಸೆಕೆಂಡಿಗಿಂತ ತುಸು ಕಡಿಮೆ. ಎಚ್ಚರವಿರುವ ಆಟಗಾರ ಅದನ್ನು ನೋಡಿ ಉತ್ತರ ಕೊಡಬಹುದು. ಆಟದ ಸೊಗಸೆಲ್ಲ ಈ 'ನೋಡಿ ಉತ್ತರ ಕೊಡುವ' ಕಿರುಜಾಗದಲ್ಲಿದೆ. ಸಂಪರ್ಕ ಕೆಟ್ಟರೆ ಮೊದಲು ಹೋಗುವುದು ಆ ಜಾಗವೇ. ಐದಾರು ಫ್ರೇಮ್ ದಾರಿಯಲ್ಲಿ ಕರಗಿದರೆ, ವರ್ಷಗಟ್ಟಲೆ ಅಭ್ಯಾಸ ಮಾಡಿದವನೂ ನಿನ್ನೆ ಕಲಿತವನೂ ಒಂದೇ ಆಗಿಬಿಡುತ್ತಾರೆ.

ಹಿಂದೆ ಇಂಥ ಆಟಗಳು ಇಬ್ಬರ ಗುಂಡಿ ಒತ್ತಿದ ಸುದ್ದಿಯೂ ಬರುವವರೆಗೆ ಕಾದು ನಿಲ್ಲುತ್ತಿದ್ದವು, ನೀರಿನಲ್ಲಿ ಕೈಯಾಡಿಸಿದಂತಿರುತ್ತಿತ್ತು. ಅಮೆರಿಕದ ಟೋನಿ ಕ್ಯಾನನ್ ಅವರು 2006ರ ಹೊತ್ತಿಗೆ ಬೇರೊಂದು ದಾರಿ ಮಾಡಿದರು. ಎದುರಾಳಿ ಮುಂದೆ ಏನು ಒತ್ತುತ್ತಾನೆಂದು ಯಂತ್ರ ಊಹಿಸಿ ಆಟ ನಡೆಸುತ್ತದೆ, ಊಹೆ ತಪ್ಪಾದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ತಿದ್ದಿಕೊಂಡು ಬರುತ್ತದೆ. ರೋಲ್‌ಬ್ಯಾಕ್ ಎಂಬ ಈ ವಿಧಾನ ನಮ್ಮ ಆಟದಲ್ಲೂ ಇದೆ, ಚೆನ್ನಾಗಿಯೇ ಇದೆ. ಆದರೆ ಅದು ಸರಿದೂಗಿಸುವುದು ಸ್ಥಿರವಾದ ತಡವನ್ನು. 40 ಮಿಲಿಸೆಕೆಂಡು ತಡ ಸದಾ 40 ಆಗಿಯೇ ಇದ್ದರೆ ಕೈ ಅದಕ್ಕೆ ಒಗ್ಗುತ್ತದೆ. ಈಗ 20, ಮರುಕ್ಷಣ 150, ಮತ್ತೆ 30 ಎಂದು ಕುಣಿದರೆ ಯಾವ ವಿದ್ಯೆಯೂ ಕಾಯದು. ವೈಫೈ ಮಾಡುವುದು ಹೀಗೆಯೇ. ಪಕ್ಕದ ಮನೆಯವರ ವೈಫೈ, ಅಡುಗೆಮನೆಯ ಮೈಕ್ರೋವೇವ್, ನಡುವಿನ ಗೋಡೆ, ಎಲ್ಲಕ್ಕೂ ಅದು ಬೆದರುತ್ತದೆ. ಡಿಸೆಂಬರ್‌ನಲ್ಲಿ ನಿಟುವಳ್ಳಿಯ ಹುಡುಗನ ಎದುರಾಳಿ ಮಾಯವಾಗಿ ಮೂಡುತ್ತಿದ್ದುದು ಇದರಿಂದ.

ಹಾಗಾಗಿ ಎರಡನೆಯ ಪಂದ್ಯಾವಳಿಯ ಮೊದಲ ನಿಯಮ ಕೇಬಲ್. ಯಾರು ಕೇಬಲ್‌ನಲ್ಲಿದ್ದಾರೆ, ಯಾರು ವೈಫೈನಲ್ಲಿದ್ದಾರೆ ಎಂದು ಆಟವೇ ಗುರುತು ತೋರಿಸುತ್ತದೆ. ಅಷ್ಟು ಸಾಕೆಂದು ನಂಬಿದ್ದೆ. ಅಭ್ಯಾಸದ ವಾರದಲ್ಲಿ ನಿಟುವಳ್ಳಿಯ ಅದೇ ಹುಡುಗನ ಹೆಸರಿನ ಮುಂದೆ ಕೇಬಲ್ ಗುರುತಿತ್ತು, ಆದರೂ ಅವನೊಂದಿಗೆ ಆಡಿದವರೆಲ್ಲ ಆಟ ತಡೆತಡೆದು ಎಳೆಯುತ್ತದೆ ಎಂದು ದೂರಿದರು. ಅವನು ಸುಳ್ಳು ಹೇಳುವವನಲ್ಲ. ಫೋನ್‌ನಲ್ಲಿ ಕೇಳಿಕೊಂಡು ಅವನದೇ ರೂಟರ್‌ಗೆ ನೂರು ಸಲ ಪಿಂಗ್ ಹಾಕಿಸಿದೆ. ಪಿಂಗ್ ಎಂದರೆ ಒಂದು ಪುಟ್ಟ ಸಂದೇಶ ಕಳುಹಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದು. ಕೇಬಲ್ ನೇರವಾಗಿ ರೂಟರ್‌ಗೆ ಹೋಗಿದ್ದರೆ ಉತ್ತರ ಒಂದು ಮಿಲಿಸೆಕೆಂಡಿನೊಳಗೆ ಬರಬೇಕು. ಅವನಿಗೆ 4, 6, 38, 5, 71 ಎಂದು ಬರುತ್ತಿತ್ತು.

ಆ ಸಂಜೆ ಅಂಗಡಿ ಮುಚ್ಚಿ ಅವನ ಮನೆಗೆ ಹೋದೆ. ಬಾಡಿಗೆ ಮನೆ, ಇಂಟರ್‌ನೆಟ್ ಮೇಲಿನ ಮಹಡಿಯ ಮಾಲೀಕರದು, ತಿಂಗಳಿಗೆ ಇಷ್ಟು ಎಂದು ಹಂಚಿಕೊಂಡಿದ್ದರು. ಕೆಳಗೆ ಸಿಗ್ನಲ್ ಸಾಲದೆಂದು ಗೋಡೆಯ ಪ್ಲಗ್‌ಗೆ ವೈಫೈ ಹಿಗ್ಗಿಸುವ ಪುಟ್ಟ ಡಬ್ಬಿ ಹಾಕಿದ್ದರು. ಹುಡುಗನ ಕೇಬಲ್ ಆ ಡಬ್ಬಿಗೆ ಹೋಗಿತ್ತು. ಡಬ್ಬಿಯಿಂದ ಮೇಲಕ್ಕೆ ಮತ್ತದೇ ವೈಫೈ. ಕೇಬಲ್ ಕೊಂಡಿದ್ದ, ಹಾಕಿದ್ದ, ನಿಯಮ ಪಾಲಿಸಿದ್ದೇನೆಂದು ನಂಬಿದ್ದ.

ಮಾಲೀಕರನ್ನು ಕೇಳಿಕೊಂಡು ಮೇಲಿಂದ ಬಚ್ಚಲಮನೆಯ ಕಿಟಕಿಯ ಮೂಲಕ 25 ಮೀಟರ್ ಕೇಬಲ್ ಇಳಿಬಿಟ್ಟೆವು. ತುದಿಗೆ ಪಿನ್ ಕಟ್ಟುವಾಗ ಹುಡುಗ ಟಾರ್ಚ್ ಹಿಡಿದು ಕುಳಿತಿದ್ದ. ಹೊರಗಿನ ತೊಗಲು ಎರಡು ಬೆರಳಿನಷ್ಟು ಬಿಡಿಸಿ, ಹೊಸೆದ ಎಂಟು ತಂತಿಗಳನ್ನು ಹೆಬ್ಬೆರಳಿನಿಂದ ನೇರ ಮಾಡಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಸಾಲಾಗಿ ಹಿಡಿದು, ತುದಿಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಿ ಪಿನ್ನಿನೊಳಗೆ ತೂರಿಸಿದೆ. ಎಂಟೂ ತಾಮ್ರದ ತುದಿಗಳು ಆಚೆ ಬದಿಯಲ್ಲಿ ಹೊಳೆಯುವವರೆಗೆ ಒತ್ತಬೇಕು, ಒಂದು ಹಿಂದೆ ಉಳಿದರೂ ವೇಗ ಹತ್ತರಲ್ಲೊಂದಾಗುತ್ತದೆ, ಇಲ್ಲವೇ ಸಂಪರ್ಕವೇ ಬರುವುದಿಲ್ಲ. ಮೊದಲ ಸಲ ಹಸಿರು ಹಿಂದೆ ಉಳಿಯಿತು, ಕತ್ತರಿಸಿ ಮತ್ತೆ ಕಟ್ಟಿದೆ. ಆಮೇಲೆ ಪಿಂಗ್ ಹಾಕಿದಾಗ ನೂರಕ್ಕೆ ನೂರೂ ಒಂದು ಮಿಲಿಸೆಕೆಂಡಿನೊಳಗೆ. ಹುಡುಗ ಪರದೆಯನ್ನೇ ನೋಡುತ್ತ, "ಹಾಗಾದರೆ ಇಷ್ಟು ದಿನ ನಾನು ಬೇರೆಯವರಿಗೆ ತೊಂದರೆ ಕೊಡುತ್ತಿದ್ದೆನಾ ಅಣ್ಣ?" ಎಂದ. ತಾನು ಸೋತದ್ದು ಆ ಹೊತ್ತಿಗೆ ಅವನ ನೆನಪಿಗೆ ಬರಲಿಲ್ಲ.

ಅಂದಿನಿಂದ ಆಟ ತೋರಿಸುವ ಗುರುತನ್ನು ನಾನು ನಂಬುವುದಿಲ್ಲ. ಹೆಸರು ಕೊಟ್ಟವರೆಲ್ಲ ತಮ್ಮ ರೂಟರ್‌ಗೆ ನೂರು ಪಿಂಗ್ ಹಾಕಿ ಅದರ ವಿಡಿಯೋ ಕಳುಹಿಸಬೇಕು. ಪ್ಲೇಸ್ಟೇಷನ್ ಇದ್ದವರು ಅದೇ ಕೇಬಲನ್ನು ಲ್ಯಾಪ್‌ಟಾಪ್‌ಗೆ ಹಾಕಿ ತೋರಿಸಬೇಕು. ಈ ಪರೀಕ್ಷೆಯಲ್ಲಿ ಇನ್ನೂ ಮೂವರು ಸಿಕ್ಕರು. ಒಬ್ಬ ಮೊಬೈಲ್ ಇಂಟರ್‌ನೆಟ್ಟನ್ನು ಯುಎಸ್‌ಬಿ ತಂತಿಯಿಂದ ಕಂಪ್ಯೂಟರ್‌ಗೆ ಕೊಟ್ಟಿದ್ದ, ಆಟಕ್ಕೆ ಅದೂ ಕೇಬಲ್ಲೇ.

ಆದರೆ ಈ ನಿಯಮ ಇನ್ನೊಂದು ಅನ್ಯಾಯವನ್ನು ಹುಟ್ಟಿಸಿತು. ಎಂಜಿನಿಯರಿಂಗ್ ಓದುವ ನಾಲ್ವರು ಹಾಸ್ಟೆಲ್‌ನಲ್ಲಿದ್ದರು. ಅಲ್ಲಿ ವೈಫೈ ಬಿಟ್ಟರೆ ಬೇರೆ ಗತಿಯಿಲ್ಲ. ಅವರನ್ನು ಕೈಬಿಟ್ಟರೆ ಪಂದ್ಯ ಸ್ವಚ್ಛವಾಗಿರುತ್ತದೆ ನಿಜ, ಆದರೆ ಮನೆಯಲ್ಲಿ ಫೈಬರ್ ಇದ್ದವರ ಪಂದ್ಯವಾಗುತ್ತದೆ. ಇದನ್ನು ನಾನು ಒಪ್ಪಲಾರೆ. ಭಾನುವಾರ ಹೇಗಿದ್ದರೂ ಅಂಗಡಿಗೆ ರಜೆ. ಒಳಗೆ ಎರಡು ಕಂಪ್ಯೂಟರ್ ಹಾಕಿ, ಒಂದೇ ಬಗೆಯ ಮಾನಿಟರ್ ಇಟ್ಟು, ಹಾಸ್ಟೆಲ್‌ನವರು ಇಲ್ಲಿ ಬಂದು ಆಡಲಿ ಎಂದೆ. ಅಂಗಡಿಯ ಸಂಪರ್ಕದ ಪಿಂಗ್ ವಿಡಿಯೋವನ್ನೂ ಎಲ್ಲರಿಗೂ ಕಳುಹಿಸಿದೆ. ಯಾರೂ ಕೇಳಿರಲಿಲ್ಲ, ಕೇಳುವ ಮೊದಲೇ ತೋರಿಸುವುದು ಒಳ್ಳೆಯದು. ನಡೆಸುವವನು ಆಡಬಾರದು ಎಂದುಕೊಂಡು ನನ್ನ ಹೆಸರನ್ನೂ ಪಟ್ಟಿಯಿಂದ ತೆಗೆದೆ. ಅದು ಮನಸ್ಸಿಗೆ ಕಷ್ಟವಾಯಿತು.

ದೂರದ ಬಗ್ಗೆಯೂ ನನ್ನ ಲೆಕ್ಕ ತಪ್ಪಿತ್ತು. ದಾವಣಗೆರೆಗೂ ಚಿತ್ರದುರ್ಗಕ್ಕೂ ಬಸ್ಸಿನಲ್ಲಿ ಒಂದೂಕಾಲು ಗಂಟೆ. ಇಂಟರ್‌ನೆಟ್‌ಗೆ ಆ ಹೆದ್ದಾರಿ ಗೊತ್ತಿಲ್ಲ. ಇಬ್ಬರ ಕಂಪನಿ ಬೇರೆಯಾದರೆ, ಆ ಎರಡು ಕಂಪನಿಗಳು ಕೈಕುಲುಕುವ ಊರಿನವರೆಗೆ ಹೋಗಿ ಬರಬೇಕು. ಒಂದು ಜೋಡಿಯ ಗುದ್ದುಗಳು ಮುಂಬೈಗೆ ಹೋಗಿ ಚಿತ್ರದುರ್ಗ ತಲುಪುತ್ತಿದ್ದವು. ಆದರೂ ತಡ ಸ್ಥಿರವಾಗಿತ್ತು, ಬಿಟ್ಟೆ.

ನಿಯಂತ್ರಣದ ಜಗಳ ದೊಡ್ಡದು. ಈ ಆಟದಲ್ಲಿ ಎರಡು ಬಗೆಯ ಗುಂಡಿ ವ್ಯವಸ್ಥೆಯಿದೆ. ಕ್ಲಾಸಿಕ್‌ನಲ್ಲಿ ಬೆಂಕಿಯುಂಡೆ ಎಸೆಯಲು ಜಾಯ್‌ಸ್ಟಿಕ್ ಕೋಲನ್ನು ಕಾಲು ವೃತ್ತ ತಿರುಗಿಸಿ ಗುದ್ದು ಒತ್ತಬೇಕು. ಮಾಡರ್ನ್‌ನಲ್ಲಿ ಒಂದೇ ಗುಂಡಿ. ಹರಿಹರದ ಒಬ್ಬ ಆಟಗಾರ್ತಿ ಮಾಡರ್ನ್‌ನಲ್ಲಿ ಆಡುತ್ತಾರೆ. ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುವವರು, ಗುಂಪಿನ ಹುಡುಗರಿಗೆಲ್ಲ ಅಕ್ಕ. ಅವರು ಮೂವರನ್ನು ಸತತವಾಗಿ ಸೋಲಿಸಿದ ಮೇಲೆ, ಮಾಡರ್ನ್ ನಿಷೇಧಿಸಿ ಎಂಬ ಕೂಗು ಎದ್ದಿತು. ಡಿಸೆಂಬರ್‌ನಲ್ಲಿ ಇದೇ ವ್ಯವಸ್ಥೆಯಲ್ಲಿ ಆಡಿ ಮೊದಲ ಪಂದ್ಯದಲ್ಲೇ ಹೊರಬಿದ್ದ ಇನ್ನೊಬ್ಬನ ಬಗ್ಗೆ ಆಗ ಯಾರೂ ಮಾತಾಡಿರಲಿಲ್ಲ ಎಂಬುದನ್ನು ನೆನಪಿಸಿದೆ. ಸುಲಭ ಗುಂಡಿಗೆ ಆಟವೇ ಬೆಲೆ ಕಟ್ಟಿದೆ: ಒಂದೇ ಗುಂಡಿಯಲ್ಲಿ ಬರುವ ವಿಶೇಷ ಹೊಡೆತದ ಬಲ ನೂರಕ್ಕೆ ಎಂಬತ್ತು ಮಾತ್ರ, ಹಲವು ಸಾಮಾನ್ಯ ಹೊಡೆತಗಳು ಇಲ್ಲವೇ ಇಲ್ಲ. ಜಗತ್ತಿನ ದೊಡ್ಡ ಪಂದ್ಯಾವಳಿಗಳಲ್ಲೂ ಎರಡೂ ನಡೆಯುತ್ತವೆ. ಆಟ ಕೊಟ್ಟದ್ದನ್ನು ಎಲ್ಲರೂ ಬಳಸಬಹುದು. ಆಟದ ಹೊರಗಿನಿಂದ ತಂದದ್ದು, ಎಂದರೆ ಒಂದು ಗುಂಡಿಗೆ ಹತ್ತು ಗುಂಡಿ ಕಟ್ಟುವ ಮ್ಯಾಕ್ರೋ, ತಾನೇ ಪಟಪಟ ಒತ್ತುವ ಟರ್ಬೊ, ಯಾರಿಗೂ ಇಲ್ಲ. ಈ ಗೆರೆ ಎಳೆದ ಮೇಲೆ ಒಬ್ಬ ಗುಂಪು ಬಿಟ್ಟು ಹೋದ.

ಜೋಡಿ ಹಾಕುವ ವಿಷಯದಲ್ಲಿ ನನ್ನ ಸೋದರಮಾವನ ಸಲಹೆ ಬಂತು. ಅವರು ಗರಡಿಮನೆಯಲ್ಲಿ ಬೆಳೆದವರು. ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಯಲ್ಲಿ ವರ್ಷಗಟ್ಟಲೆ ಓಡಾಡಿದವರು. ನಾನು ಹಾಳೆ ಹರಡಿಕೊಂಡು ಕುಳಿತಿದ್ದಾಗ ಅವರು ಮೊದಲು ಕೇಳಿದ್ದು, "ಇಬ್ಬರೂ ಒಂದೇ ಮಣ್ಣಿನ ಮೇಲೆ ನಿಲ್ಲುತ್ತಾರೇನಪ್ಪ?" ಎಂದು. ಕೇಬಲ್ ಕಥೆ ಹೇಳಿದೆ. ತಲೆಯಾಡಿಸಿ, "ಒಂದೇ ಗರಡಿಯ ಇಬ್ಬರನ್ನು ಮೊದಲೇ ಬಿಡಬೇಡ. ಜೋಡಿಯನ್ನು ಒಳಗೆ ಕೂತು ಬರೆಯಬೇಡ, ಜನರ ಎದುರಿಗೆ ಹಾಕು" ಎಂದರು.

ಹಾಗೆಯೇ ಮಾಡಿದೆವು. ಹೆಸರು ಕೊಟ್ಟವರು 22 ಮಂದಿ. ಆಟದೊಳಗಿನ ದರ್ಜೆ ನೋಡಿದಾಗ ಮಾಸ್ಟರ್ ಮುಟ್ಟಿದವರು ಐವರು, ಅದಕ್ಕೂ ಕೆಳಗಿನ ಡೈಮಂಡ್ ಏಳು, ಉಳಿದವರು ಹತ್ತು. ದರ್ಜೆ ಪಾತ್ರಕ್ಕೊಂದು ಇರುತ್ತದೆ. ಆದ್ದರಿಂದ ಯಾರೂ ಹೊಸ ಪಾತ್ರದ ಹಿಂದೆ ಅಡಗದಂತೆ ಅವರವರ ಅತಿ ಮೇಲಿನ ದರ್ಜೆಯನ್ನೇ ಲೆಕ್ಕಕ್ಕೆ ಹಿಡಿದೆ. 32ರ ಪಟ್ಟಿಯಲ್ಲಿ ಹತ್ತು ಜಾಗ ಖಾಲಿ ಉಳಿಯುತ್ತವೆ. ಆ ಹತ್ತು ಬೈ, ಎಂದರೆ ಆಡದೆಯೇ ಮುಂದಿನ ಹಂತಕ್ಕೆ ಹೋಗುವ ಅವಕಾಶ, ಮೇಲಿನ ದರ್ಜೆಯವರಿಗೆ. ಒಂದೇ ದರ್ಜೆಯೊಳಗೆ ಯಾರು ಮೊದಲು ಎಂಬುದಕ್ಕೆ ಚೀಟಿ. ನನ್ನ ಮಗಳು ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಿದಳು, ಎಲ್ಲರೂ ವಿಡಿಯೋ ಕರೆಯಲ್ಲಿ ನೋಡಿದರು. ಒಂದೇ ಮನೆಯ ಅಣ್ಣತಮ್ಮಂದಿರು ಮೊದಲ ಹಂತದಲ್ಲಿ ಎದುರಾದಾಗ ಅಲ್ಲೇ ಬದಲಿಸಿದೆವು. ಒಂದು ಸೋಲಿಗೆ ಯಾರೂ ಹೊರಹೋಗುವುದಿಲ್ಲ, ಸೋತವರ ಸಾಲಿನಲ್ಲಿ ಮುಂದುವರಿಯುತ್ತಾರೆ, ಎರಡನೆಯ ಸೋಲಿಗೆ ಮಾತ್ರ ಹೊರಗೆ. 22 ಜನಕ್ಕೆ 42 ಪಂದ್ಯ, ಫೈನಲ್ ಎರಡು ಸಲ ಆಡಬೇಕಾಗಿ ಬಂದರೆ 43. ಒಂದು ಪಂದ್ಯದ ಆಟಗಳ ನಡುವೆ ಗೆದ್ದವರು ಪಾತ್ರ ಬದಲಿಸುವಂತಿಲ್ಲ, ಸೋತವರು ಬದಲಿಸಬಹುದು. ಮೊದಲ ಆಟದ ಪಾತ್ರವನ್ನು ಇಬ್ಬರೂ ಗುಟ್ಟಾಗಿ ನನಗೆ ಕಳುಹಿಸಬೇಕು.

ಪ್ರವೇಶ ಶುಲ್ಕ ಇಡಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಆಟಗಳ ಕಾಯ್ದೆ ಹಣ ಕಟ್ಟಿ ಹಣ ಗೆಲ್ಲುವ ಆಟವನ್ನು ನಿಷೇಧಿಸಿದೆ, ಇ-ಕ್ರೀಡೆಯನ್ನು ಬೇರೆಯಾಗಿ ನೋಡಿದೆ. ಆ ಗೆರೆಯ ಹತ್ತಿರಕ್ಕೂ ಹೋಗುವುದು ನನಗೆ ಬೇಡವಾಗಿತ್ತು. ಬಹುಮಾನ ನಾವು ಮೂವರು ಸ್ನೇಹಿತರ ಕೈಯಿಂದ.

ಸಂಪರ್ಕ ಕಡಿದರೆ ಏನು ಎಂಬ ನಿಯಮವನ್ನು ನಾನು ಹೀಗೆ ಬರೆದಿದ್ದೆ: 'ಯಾರ ಕಡೆಯಿಂದ ಕಡಿಯಿತೋ ಅವರು ಆ ಸುತ್ತನ್ನು ಕಳೆದುಕೊಳ್ಳುತ್ತಾರೆ, ಕಾರಣ ಯಾವುದೇ ಇರಲಿ.' ಕಾರಣ ಕೇಳಲು ಹೋದರೆ, ಸೋಲುವ ಹೊತ್ತಿಗೆ ತಂತಿ ಕಿತ್ತು ಕರೆಂಟ್ ಹೋಯಿತು ಎನ್ನುವವನನ್ನು ಹಿಡಿಯುವುದು ಹೇಗೆ? ಬರೆದಾಗ ಇದು ಗಟ್ಟಿಯಾಗಿ ಕಂಡಿತ್ತು.

ಬೆಳಿಗ್ಗೆ ಹತ್ತಕ್ಕೆ ಶುರು. ಪ್ರತಿ ಪಂದ್ಯದ ಕೋಣೆಯಲ್ಲೂ ನಮ್ಮವರೊಬ್ಬರು ಪ್ರೇಕ್ಷಕರಾಗಿ ಕುಳಿತು ರೆಕಾರ್ಡ್ ಮಾಡುತ್ತಿದ್ದರು. ಎರಡನೆಯ ಹಂತದಲ್ಲಿ ನಿಟುವಳ್ಳಿಯ ಹುಡುಗ ನಿರ್ಣಾಯಕ ಸುತ್ತಿನಲ್ಲಿ ಸಮಬಲದಲ್ಲಿದ್ದಾಗ ಇದ್ದಕ್ಕಿದ್ದಂತೆ ಕೋಣೆಯಿಂದ ಹೊರಬಿದ್ದ. ಮೇಲಿನ ಮಹಡಿಯಲ್ಲಿ ಯಾರೋ ರೂಟರ್‌ನ ಸ್ವಿಚ್ ಆರಿಸಿದ್ದರು. ನಿಯಮದಂತೆ ಸುತ್ತು ಹೋಯಿತು, ಪಂದ್ಯವೂ ಹೋಯಿತು. "ಸರಿ ಅಣ್ಣ" ಎಂದು ಸೋತವರ ಸಾಲಿಗೆ ಹೋದ, ಅಲ್ಲಿ ಒಂದು ಗೆದ್ದು ಒಂದು ಸೋತು ಹೊರಬಿದ್ದ. ಹೋಗಲಿಲ್ಲ, ಪ್ರೇಕ್ಷಕನಾಗಿ ಉಳಿದ.

ಸಂಜೆ ಆರರ ಸುಮಾರಿಗೆ ಸೋತವರ ಸಾಲಿನ ಸೆಮಿಫೈನಲ್. ಹರಿಹರದ ಅಕ್ಕ ಒಂದು ಕಡೆ, ಚಿತ್ರದುರ್ಗದ ಜೋಗಿಮಟ್ಟಿ ರಸ್ತೆಯ ಆಟಗಾರ ಇನ್ನೊಂದು ಕಡೆ. ಇಬ್ಬರಿಗೂ ಒಂದೊಂದು ಆಟ, ನಿರ್ಣಾಯಕ ಆಟದಲ್ಲೂ ಒಂದೊಂದು ಸುತ್ತು, ಈಗ ಕೊನೆಯ ಸುತ್ತು. ಅವನ ಜೀವದ ಪಟ್ಟಿ ಅರ್ಧಕ್ಕಿಂತ ಮೇಲಿತ್ತು. ಅಕ್ಕನದು ಕೂದಲೆಳೆಯಷ್ಟು, ಒಂದು ಸಣ್ಣ ಗುದ್ದು ತಗಲಿದರೆ ಮುಗಿಯಿತು. ಅವರು ಮೂಲೆಯಲ್ಲಿದ್ದರು. ಪರದೆ ನಿಂತಿತು. ಸಂಪರ್ಕ ಕಡಿದಿದೆ ಎಂಬ ಅಕ್ಷರ ಬಂತು. ಅರ್ಧ ನಿಮಿಷದಲ್ಲಿ ಅವನ ಫೋನ್: "ಸರ್, ನಮ್ಮ ಬೀದಿಗೆಲ್ಲ ಕರೆಂಟ್ ಹೋಗಿದೆ."

ಅಕ್ಕ ತಕ್ಷಣ ಹೇಳಿದರು: "ಇದು ನನ್ನ ಗೆಲುವಲ್ಲ. ಕರೆಂಟ್ ಬರಲಿ, ಮತ್ತೆ ಆಡುತ್ತೇನೆ." ಕೇಳುತ್ತಿದ್ದವರೆಲ್ಲ ಹೌದೆಂದರು. ನನಗೂ ಹೌದೆನ್ನುವ ಆಸೆ ಗಂಟಲಿನವರೆಗೆ ಬಂದಿತ್ತು. ಪ್ರೇಕ್ಷಕರ ಪಟ್ಟಿಯಲ್ಲಿ ನಿಟುವಳ್ಳಿಯ ಹುಡುಗನ ಹೆಸರು ಕಂಡಿತು. ಬೆಳಿಗ್ಗೆ ಅವನ ಎದುರಾಳಿ ಇಂಥ ಮಾತು ಆಡಿರಲಿಲ್ಲ. ಆಡಬೇಕಾದ ಕಟ್ಟುಪಾಡೂ ಇರಲಿಲ್ಲ. ಎದುರಾಳಿ ದೊಡ್ಡ ಮನಸ್ಸಿನವರಾದರೆ ಒಂದು ನ್ಯಾಯ, ಇಲ್ಲದಿದ್ದರೆ ಇನ್ನೊಂದು ಎಂದರೆ ನಾನು ನಿಯಮ ಬರೆದದ್ದು ಯಾಕೆ? ಬೆಳಿಗ್ಗೆ ಒಬ್ಬನಿಗೆ ಅನ್ವಯಿಸಿದ್ದು ಸಂಜೆ ಇನ್ನೊಬ್ಬನಿಗೆ ಸಡಿಲವಾಗಬಾರದು. ಸುತ್ತು ಅಕ್ಕನಿಗೆ, ಪಂದ್ಯವೂ ಅವರಿಗೆ ಎಂದೆ. ನನ್ನ ಧ್ವನಿ ನಡುಗಿತ್ತೆಂದು ರೆಕಾರ್ಡಿಂಗ್ ಕೇಳಿದ ಮೇಲೆ ಗೊತ್ತಾಯಿತು. ಚಿತ್ರದುರ್ಗದವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬರೆದದ್ದು ಹಾಗೇ ಇದೆ ಸರ್, ನಾನು ಓದಿದ್ದೆ" ಎಂದ.

ಅಕ್ಕ ಮುಂದಿನ ಪಂದ್ಯದಲ್ಲಿ ಸೋತು ಮೂರನೆಯವರಾದರು. ಫೈನಲ್ ಒಂದೇ ಸಲಕ್ಕೆ ಮುಗಿಯಿತು. ಹಾಸ್ಟೆಲ್‌ನ ಹುಡುಗನೊಬ್ಬ ನಮ್ಮ ಅಂಗಡಿಯಲ್ಲಿ ಕುಳಿತು ಗೆದ್ದ. ಎಂಟೂವರೆಗೆ ಎಲ್ಲರಿಗೂ ಬೆಣ್ಣೆದೋಸೆ ತರಿಸಿದೆವು, ಬೇರೆ ಊರಿನವರಿಗೆ ಬಾಕಿ ಇಟ್ಟಿದ್ದೇವೆ. ಮಾವ ಕೊನೆಯವರೆಗೂ ಕುರ್ಚಿಯಲ್ಲಿ ಕುಳಿತು ನೋಡಿದರು. ಗುಂಡಿಗಳ ವಿಷಯ ಅವರಿಗೆ ತಿಳಿಯದು. ಫೈನಲ್‌ನಲ್ಲಿ ಸೋತವನು ಕೂಡಲೇ ಗೆದ್ದವನಿಗೆ ಫೋನ್ ಮಾಡಿ, ಮೂಲೆಯಿಂದ ಹೊರಬಂದದ್ದು ಹೇಗೆಂದು ಕೇಳುತ್ತಿದ್ದಾಗ ಮಾತ್ರ ನನ್ನ ಕಡೆ ತಿರುಗಿ ನೋಡಿದರು.

ನಿಯಮವನ್ನು ಕಾಪಾಡಿದೆನಾದರೂ ಅದು ಒಳ್ಳೆಯ ನಿಯಮವಾಗಿರಲಿಲ್ಲ. ಕೂದಲೆಳೆಯಷ್ಟು ಜೀವ ಉಳಿದವರಿಗೆ ಸುತ್ತು ಕೊಡುವ ನಿಯಮ ಯಾರ ಕಣ್ಣಿಗೂ ಸರಿಯೆನಿಸದು. ಮರುದಿನ ಚಿತ್ರದುರ್ಗಕ್ಕೆ ಫೋನ್ ಮಾಡಿ, "ಹೊಸ ನಿಯಮ ನೀನೇ ಬರೆದುಕೊಡು" ಎಂದೆ. ನಾಲ್ಕು ದಿನ ತೆಗೆದುಕೊಂಡ. ಬರೆದು ಕಳುಹಿಸಿದ್ದು ಇಷ್ಟು: ಆಡುವ ಯಂತ್ರ, ಪರದೆ, ರೂಟರ್ ಮೂರಕ್ಕೂ ಕರೆಂಟ್ ಬ್ಯಾಕಪ್ ಇದೆಯೆಂದು ಮೊದಲೇ ವಿಡಿಯೋದಲ್ಲಿ ತೋರಿಸಿದವರಿಗೆ ಒಂದು ಸಲ ರಿಯಾಯಿತಿ, ಸುತ್ತು ಮೊದಲಿನಿಂದ. ಆದರೆ ಕಡಿದ ಕ್ಷಣದಲ್ಲಿ ಎದುರಾಳಿಯ ಜೀವ ಹೆಚ್ಚಿದ್ದರೆ ಸುತ್ತು ಎದುರಾಳಿಗೇ. ಎರಡನೆಯ ಸಲ ಕಡಿದರೆ ರಿಯಾಯಿತಿ ಇಲ್ಲ. ಬ್ಯಾಕಪ್ ತೋರಿಸದವರಿಗೆ ಹಳೆಯ ನಿಯಮ.

ಓದಿ, "ಇದರ ಪ್ರಕಾರವೂ ಅಂದು ನೀನು ಸೋಲುತ್ತಿದ್ದೆಯಲ್ಲ? ನಿನ್ನಲ್ಲಿ ಬ್ಯಾಕಪ್ ಇರಲಿಲ್ಲ" ಎಂದೆ.

"ಗೊತ್ತು ಸರ್" ಎಂದ. "ಈಗ ಒಂದು ಯುಪಿಎಸ್ ತೆಗೆದುಕೊಂಡಿದ್ದೇನೆ. ರೂಟರ್‌ಗೆ ಬೇರೆಯದು ಬೇಕೋ, ಇದರಲ್ಲೇ ನಡೆಯುತ್ತದೋ?"

ಅದರ ವ್ಯಾಟ್ ಎಷ್ಟೆಂದು ಕೇಳಿದೆ. ಹಿಂಬದಿಯ ಚೀಟಿ ಓದಲು ಅವನು ಫೋನ್ ಕೆಳಗಿಟ್ಟು ಹೋದ.